ಹದಿನೆಂಟನೆಯವನ ಎಲೆ

ಮೂರ್ನಾಡು,
೧೩ ಡಿಸೆಂಬರ್ ೧೯೬೦

ಪ್ರೀತಿಯ ಪೊನ್ನಪ್ಪಣ್ಣನಿಗೆ ತಂಗಿ ಯಮುನ ಮಾಡುವ ನಮಸ್ಕಾರ.

ಸೆಪ್ಟೆಂಬರಿನ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಡುವೆ ನೀನು ಹಾಕಿದ ಎರಡು ಕಾರ್ಡುಗಳೂ ಬಂದು ತಲುಪಿವೆ. ಕರಪತ್ರ ಓದಲು ಬಿಡುವಿದೆ, ಅಣ್ಣನಿಗೆ ನಾಲ್ಕು ಸಾಲು ಬರೆಯಲು ಬಿಡುವಿಲ್ಲ ಎಂದು ಎರಡನೆಯದರಲ್ಲಿ ಚುಚ್ಚಿದ್ದೀಯ. ಚುಚ್ಚು. ಆದರೆ ನೀನು ಕೇಳಿದ್ದು ನಾಲ್ಕು ಸಾಲಲ್ಲ. ಅಪ್ಪನ ಬಾಯಿಂದ ಯುದ್ಧಕೈದಿಯ ದಿನಗಳನ್ನು ಹೊರಡಿಸಿ ಬರೆದು ಕಳಿಸು, ಪುಸ್ತಕದಲ್ಲಿ ಹಾಕಲು ಒಪ್ಪಿಗೆಯ ಹಾಳೆಗೆ ಅವರ ಸಹಿ ಹಾಕಿಸು, ಜನವರಿಯೊಳಗೆ ಅಧ್ಯಾಯ ಮುಗಿಸಬೇಕು, ಮಾರ್ಚಿಗೆ ಹಡಗು ಎಂದು ಬರೆದಿದ್ದೆ. ಹದಿನಾಲ್ಕು ವರ್ಷ ಬಾಯಿ ತೆರೆಯದ ಮನುಷ್ಯನನ್ನು ಮೂರು ತಿಂಗಳಲ್ಲಿ ಮಾತಾಡಿಸು ಎಂದ ಹಾಗಾಯಿತು. ಆದರೂ ಕೆಲಸ ಆಗಿದೆ. ಸಹಿಯೂ ಬಿದ್ದಿದೆ. ಹೇಗೆ ಎನ್ನುವುದೇ ಈ ಕಾಗದ.

ಮೊದಲು ಮನೆಯ ಸುದ್ದಿ. ಹುತ್ತರಿ ಮುಗಿದು ಹತ್ತು ದಿನವಾಯಿತು. ಅವ್ವನ ಮಂಡಿನೋವು ಹಾಗೇ ಇದೆ, ಆದರೂ ಹೊಸ ಅಕ್ಕಿಯ ಪಾಯಸ ಮಾಡಿ ನಿನ್ನ ಹೆಸರು ಹೇಳಿ ಎರಡು ಸಲ ಬಡಿಸಿಕೊಂಡಳು. ಎಸ್ಟೇಟಿನಲ್ಲಿ ಅರೇಬಿಕಾ ಕಾಫಿ ಪಿಕ್ಕಿಂಗ್ ಶುರುವಾಗಿದೆ. ಅಪ್ಪ ಎಂದಿನಂತೆ ಬೆಳಿಗ್ಗೆ ಏಳಕ್ಕೆ ಮಸ್ಟರಿಗೆ ಹೋಗಿ ಆಳುಗಳ ಹೆಸರು ಕೂಗಿ ಹಾಜರಿ ಹಾಕುತ್ತಾರೆ. ಹೊಸ ಮ್ಯಾನೇಜರಿಗೂ ಅಪ್ಪನಿಗೂ ಸ್ವಲ್ಪ ತಿಕ್ಕಾಟ. ಬಾರದ ಆಳಿನ ಮನೆಗೆ ಯಾರಾದರೂ ಹೋಗಿ ನೋಡಿ ಬರುವ ತನಕ ಅಪ್ಪ ಗೈರು ಎಂದು ಬರೆಯುವುದಿಲ್ಲವಲ್ಲ, ಅದು ಅವನಿಗೆ ಹಿಡಿಸುವುದಿಲ್ಲ. ರೈಟರನ ಕೆಲಸ ಬರೆಯುವುದು, ವೈದ್ಯ ಮಾಡುವುದಲ್ಲ ಎಂದನಂತೆ. ಅಪ್ಪ ಹೂಂ ಎಂದು ಕೇಳಿಸಿಕೊಂಡು ಮಾರನೆ ದಿನವೂ ಹಾಗೇ ಮಾಡಿದರು.

ನಿನ್ನ ಕೆಲಸವನ್ನು ಊರಿಗೆ ವಿವರಿಸುವ ಹೊಣೆ ನನ್ನ ತಲೆ ಮೇಲೆ ಬಿದ್ದಿದೆ. ಮೊನ್ನೆ ಬೊಳ್ಳಪ್ಪ ಮಾವ ಅಂಗಡಿ ಮುಂದೆ ಹಿಡಿದು ನಿಲ್ಲಿಸಿ, ನಿನ್ನ ಅಣ್ಣ ಇನ್ನೂ ಓದುತ್ತಾನೆಯೇ ಎಂದರು. ಓದುವುದಲ್ಲ, ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಜಪಾನಿನ ಈ ನೂರು ವರ್ಷದ ಚರಿತ್ರೆ ಅವನ ವಿಷಯ, ಟೋಕಿಯೋದ ವಿಶ್ವವಿದ್ಯಾಲಯ ಎರಡು ವರ್ಷಕ್ಕೆ ಕರೆದಿದೆ ಎಂದೆ. "ಅವರ ಚರಿತ್ರೆ ಅವ್ಕೇ ಗೊತ್ತಿಲ್ಲೆನಾ, ಇಲ್ಲಿಂದ ಹೋಗಿ ಹೇಳಿಕೊಡೊಕು?" ಅಂದರು. ಇಂಗ್ಲೆಂಡಿನ ರಾಜರ ಹೆಸರನ್ನೆಲ್ಲ ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದಾಗ ಯಾರೂ ಹೀಗೆ ಕೇಳಲಿಲ್ಲ ಮಾವ, ಏಷ್ಯಾದವನು ಏಷ್ಯಾದವನನ್ನು ಓದಲು ಹೊರಟಾಗ ಮಾತ್ರ ಎಲ್ಲರಿಗೂ ಇದೇಕೆ ಬೇಕು ಎನ್ನುವ ಚಿಂತೆ ಎಂದೆ. ಗೂಡೆಗೆ ನಾಲಗೆ ಉದ್ದ, ಮಗಳನ್ನು ಹಿಡಿತದಲ್ಲಿಡು ಎಂದು ಅಪ್ಪನಿಗೆ ದೂರು ಹೋಯಿತು.

ನಾನು ಹೀಗೆ ಜಗಳವಾಡುವುದು ನಿನ್ನ ಮೇಲಿನ ಹೆಮ್ಮೆಯಿಂದ. ಎಸ್ಸೆಸ್ಸೆಲ್ಸಿಗೆ ನಿಂತವಳು ನಾನು. ನನ್ನ ಕಾಲೇಜು ಅಂದರೆ ಮಡಿಕೇರಿಯಿಂದ ಬರುವ ಪುಸ್ತಿಕೆಗಳು, ನಿನ್ನ ಹಳೆಯ ಟಿಪ್ಪಣಿಗಳು. ಅಣುಬಾಂಬು ಬೇಡ ಎನ್ನುವ ಪುಸ್ತಿಕೆಯನ್ನು ಎಂಟು ಸಲ ಓದಿದ್ದೇನೆ. ಅದರಲ್ಲಿ ಒಂದು ಮಾತು: ಸಂಕಟ ಪಟ್ಟವನು ಬಾಯಿ ತೆರೆಯದಿದ್ದರೆ ಸಂಕಟ ಕೊಟ್ಟವನ ದಾಖಲೆಯೇ ಚರಿತ್ರೆಯಾಗುತ್ತದೆ. ನಿನ್ನ ಕಾಗದ ಬಂದಾಗ ನನಗೆ ಮೊದಲು ನೆನಪಾದದ್ದು ಅದೇ. ಅದಕ್ಕೇ ನಿನ್ನ ಅಧ್ಯಾಯದ ಸಾರಾಂಶ ಓದಿ ನನಗೆ ಸಿಟ್ಟೂ ಬಂತು. ಹೊಸ ಜಪಾನನ್ನು ಕಟ್ಟಿದ್ದು ಎಣಿಕೆ, ಶಾಲೆಯ ಮಗುವಿನಿಂದ ಸೈನಿಕನ ತನಕ ಎಲ್ಲರನ್ನೂ ದಿನವೂ ಎಣಿಸಿ ಬರೆದಿಟ್ಟರು, ಯುದ್ಧಕೈದಿಗಳನ್ನೂ ದಿನಕ್ಕೆ ಎರಡು ಸಲ ಎಣಿಸುತ್ತಿದ್ದರು, ಆದ್ದರಿಂದ ಆ ಕ್ಯಾಂಪುಗಳ ಮರಣಪಟ್ಟಿಗಳನ್ನು ನಂಬಬಹುದು ಎಂದು ಬರೆದಿದ್ದೀಯ. ಉದಾಹರಣೆಗೆ ಅಪ್ಪನ ಜೊತೆ ಜಪಾನಿನವರ ಸೆರೆಯಲ್ಲಿದ್ದ ನಮ್ಮ ಉತ್ತಯ್ಯ ಚಿಕ್ಕಪ್ಪನನ್ನೇ ಕೊಟ್ಟಿದ್ದೀಯ. ಪೂವಮ್ಮ ಚಿಕ್ಕವ್ವನಿಗೆ ಸರ್ಕಾರದಿಂದ ಬಂದ ಕಾಗದದಲ್ಲಿ ಗಂಡ ಸತ್ತದ್ದು ೧೯೪೪ರ ಡಿಸೆಂಬರ್ ಹದಿನಾಲ್ಕು. ನೀನು ದೆಹಲಿಯಲ್ಲಿ ನೋಡಿದ ಪಟ್ಟಿಯಲ್ಲೂ ಅದೇ ತಾರೀಕು. ಎರಡೂ ತಾಳೆಯಾಯಿತು ಎಂದು ಅಡಿಗೆರೆ ಎಳೆದಿದ್ದೀಯ.

ಅಣ್ಣ, ಆ ತಾರೀಕು ತಪ್ಪು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಎರಡು ತಿಂಗಳು ನಾನು ನೋಟುಬುಕ್ಕು ಹಿಡಿದು ಅಪ್ಪನ ಹಿಂದೆ ತಿರುಗಿದೆ. ಗಂಜಿ ಕುಡಿಯುವಾಗ ಕೇಳಿದರೆ, ಅಲ್ಲಿ ಸೊಳ್ಳೆ ಜಾಸ್ತಿ ಎಂದರು. ಕತ್ತಿ ಮಸೆಯುವಾಗ ಕೇಳಿದರೆ ಮಳೆ ಜಾಸ್ತಿ ಎಂದರು. ಎರಡು ತಿಂಗಳಿಗೆ ನನ್ನ ಪುಸ್ತಕದಲ್ಲಿ ಸೊಳ್ಳೆ ಮತ್ತು ಮಳೆ ಎರಡೇ ಇದ್ದವು. ನೀವು ಹೆದರುತ್ತೀರಿ ಅಪ್ಪ ಎಂದು ಒಂದು ದಿನ ಅಂದೇಬಿಟ್ಟೆ. ಹೌದು ಎಂದು ಮತ್ತೆ ಕತ್ತಿ ಮಸೆದರು.

ಹೋದ ಶುಕ್ರವಾರ ನಾನೂ ಮಸ್ಟರಿಗೆ ಹೋಗಿದ್ದೆ. ಕೂಲಿಯವರ ಮನೆಗಳ ಸೂರು ಸೋರುವ ವಿಷಯ ಒಂದು ಅರ್ಜಿ ಬರೆದಿದ್ದೆ, ಹೆಬ್ಬೆಟ್ಟು ಒತ್ತಿಸಬೇಕಿತ್ತು. ಅಪ್ಪ ಹೆಸರು ಕೂಗುತ್ತಿದ್ದರು. ಚೋಮ ಎಂದರು. ಚೋಮನಿಗೆ ಎರಡು ದಿನದಿಂದ ಜ್ವರ, ಬಂದಿರಲಿಲ್ಲ. ಅವನ ಹೆಂಡತಿ ಮಾದಿ ಹೆಂಗಸರ ಗುಂಪಿನ ಹಿಂದೆ ನಿಂತು ಸೆರಗು ಬಾಯಿಗಿಟ್ಟುಕೊಂಡು ದಪ್ಪ ದನಿಯಲ್ಲಿ, "ಬಂದೀನಿ ರೈಟ್ರೇ" ಎಂದಳು. ಎಲ್ಲರೂ ನಕ್ಕರು. ನನಗಂತೂ ಖುಷಿಯಾಯಿತು, ಎಸ್ಟೇಟಿನವರಿಗೆ ಹೀಗೇ ಆಗಬೇಕು ಎಂದೆ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಚೋಮ ಹಾಜರು ಎಂದು ಬರೆದು, ಪುಸ್ತಕವನ್ನು ಮೇಸ್ತ್ರಿಯ ಕೈಗೆ ತುರುಕಿ ಕೂಲಿ ಲೈನಿನ ಕಡೆಗೆ ಓಡಿದರು. ಐವತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ನಾನು ಹಿಂದೆ ಹೋದೆ.

ಚೋಮ ಕಂಬಳಿ ಹೊದ್ದು ಒಲೆ ಮುಂದೆ ಗಂಜಿ ಕುಡಿಯುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಚೋಮ ಹೆದರಿ, "ನಾ ನಾಳೆ ಬತ್ತೀನಿ ರೈಟ್ರೇ, ಇವತ್ತಿಂದು ಹೊಡೆದಾಕಿ" ಎಂದ. ಅಪ್ಪ ಬೇಡ, ಮಲಗು ಎಂದು ಕೈ ಮಾಡಿದರು. ಅಲ್ಲೇ, ಆ ಮೆಟ್ಟಿಲ ಮೇಲೆ, ನಾನು ಕೇಳದೆಯೇ ಹೇಳಿದರು.

ನಿನಗೆ ಅಗೆ ಕೀಳುವ ದಿನಗಳ ನೆನಪಿದೆಯಲ್ಲ. ಅಪ್ಪ ಸೇನೆಯಿಂದ ಬಂದ ವರ್ಷ ಗದ್ದೆಯಲ್ಲಿ ಪೈರಿನ ಕಟ್ಟುಗಳನ್ನು ಎಣಿಸುತ್ತಿದ್ದದ್ದು: ಇಚಿ, ನಿ, ಸಾನ್, ಶಿ. ನಮಗೆ ಅದು ಆಟ. ಜೂ-ಶಿಚಿ ಎಂದ ಮೇಲೆ ಅಪ್ಪ ಕತ್ತು ಆಚೆಗೆ ತಿರುಗಿಸಿ ದಪ್ಪ ದನಿಯಲ್ಲಿ ಜೂ-ಹಾಚಿ ಎನ್ನುತ್ತಿದ್ದರು, ನಾವೂ ಹಾಗೇ ಕತ್ತು ತಿರುಗಿಸಿ ದಪ್ಪ ಮಾಡಿ ಹೇಳಿ ನಗುತ್ತಿದ್ದೆವು. ಜಪಾನಿನವರಲ್ಲಿ ಹದಿನೆಂಟನ್ನು ಹೇಳುವ ರೀತಿಯೇ ಅದು ಎಂದುಕೊಂಡಿದ್ದೆವು. ದೆಹಲಿಯಲ್ಲಿ ನಿನ್ನ ಸಂದರ್ಶನಕ್ಕೆ ಬಂದ ಜಪಾನಿ ಪ್ರೊಫೆಸರರ ಮುಂದೆ ನೀನು ಇಪ್ಪತ್ತರ ತನಕ ಎಣಿಸಿದಾಗ ಹದಿನೆಂಟಕ್ಕೆ ಅವರು ನಕ್ಕು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು, ನನ್ನ ತಂದೆ ಎಂದೆ, ಅಲ್ಲಿಂದಲೇ ನನ್ನ ಬಾಳು ತಿರುಗಿತು ಎಂದು ನೀನು ಎಲ್ಲರಿಗೂ ಹೇಳುತ್ತೀಯ. ಆ ಸುದ್ದಿ ಬಂದ ದಿನ ಅಪ್ಪ ಒಂದೇ ಮಾತು ಕೇಳಿದ್ದರು: "ಅಲ್ಲಿ ಈಗಲೂ ಬೆಳಿಗ್ಗೆ ಎಣಿಸ್ತವೆನಾ?" ನಾವು ಅದಕ್ಕೂ ನಕ್ಕೆವು.

ಅಪ್ಪ ಹೇಳಿದ್ದು ಇದು: ನ್ಯೂಗಿನಿಯ ಕೈದಿ ಕ್ಯಾಂಪಿನಲ್ಲಿ ಜ್ವರ, ಭೇದಿ ಹತ್ತಿದವರನ್ನು ಒಂದು ಗುಡಿಸಲಿನಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಜಪಾನಿ ಕಾವಲಿನವನು ರೋಗಕ್ಕೆ ಹೆದರಿ ಒಳಗೆ ಬರುತ್ತಿರಲಿಲ್ಲ, ಮೂಗಿಗೆ ಬಟ್ಟೆ ಹಿಡಿದು ಹೊರಗೆ ನಿಲ್ಲುತ್ತಿದ್ದ. ಮಲಗಿದವರು ಮಲಗಿದಲ್ಲೇ ಒಂದು, ಎರಡು ಎಂದು ಅವರ ಭಾಷೆಯಲ್ಲಿ ಕೂಗಬೇಕು. ಎಷ್ಟು ದನಿಯೋ ಅಷ್ಟು ಡಬ್ಬಿ ಅನ್ನ. ಅಪ್ಪ ಹದಿನೇಳು. ಪಕ್ಕದ ಚಾಪೆಯ ಉತ್ತಯ್ಯ ಚಿಕ್ಕಪ್ಪ ಹದಿನೆಂಟು. ಅವರದು ದಪ್ಪ ದನಿ.

ಡಿಸೆಂಬರ್ ಹನ್ನೊಂದರ ನಸುಕಿಗೆ ಚಿಕ್ಕಪ್ಪ ಹೋದರು. ಅಪ್ಪನೂ ಶಿರಂಗಾಲದ ಕಡೆಯ ಇನ್ನೊಬ್ಬ ಸಿಪಾಯಿಯೂ ಅವರನ್ನು ಎಳೆದುಕೊಂಡು ಹೋಗಿ ಗುಡಿಸಲಿನ ಹಿಂದೆ ಮಣ್ಣು ಮಾಡಿದರು. ಕಾವಲಿನವನಿಗೆ ಹೇಳಬೇಕೆಂದೇ ಬಂದು ಮಲಗಿದ್ದಂತೆ ಅಪ್ಪ. ಎಣಿಕೆ ಶುರುವಾಯಿತು. ಜೂ-ಶಿಚಿ ಎಂದರು. ಪಕ್ಕದಲ್ಲಿ ಸದ್ದಿಲ್ಲ. ಆಗ ಕತ್ತು ತಿರುಗಿಸಿ ಚಿಕ್ಕಪ್ಪನ ದನಿಯಲ್ಲಿ ಜೂ-ಹಾಚಿ ಎಂದರು. ಡಬ್ಬಿ ಎರಡು ಬಂತು. ಮಾರನೆ ದಿನವೂ ಎರಡು. ಮೂರನೆ ದಿನವೂ. ಶಿರಂಗಾಲದವನಿಗೂ ಕೊಡಲಿಲ್ಲ ಎಂದರು ಅಪ್ಪ. ನಾಲ್ಕನೆಯ ದಿನ ನಮ್ಮವನೇ ಆದ ಹವಾಲ್ದಾರ್ ಒಳಗೆ ಬಂದು ಖಾಲಿ ಚಾಪೆ ನೋಡಿದ. ಏನೂ ಕೇಳದೆ ಅಂದಿನ ತಾರೀಕು ಹಾಕಿ ಬರೆದುಕೊಂಡ. ಅದೇ ನಿನ್ನ ಹದಿನಾಲ್ಕು.

ಕೊನೆಗೆ ಒಂದು ಮಾತು ಹೇಳಿದರು. ಅದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಂಡಿದ್ದೇನೆ. "ಮೊದ್ಲ ದಿನ ಮರ್ಗಿಕಂಡ್ ಉಂಡೆ. ಎರಡ್ನೆ ದಿನ ಬರೇ ಉಂಡೆ. ಮೂರ್ನೆ ದಿನ, ಅಂವ ಸತ್ತದ್ ಒಳ್ಳೆದಾತ್ ಅಂತ ಕಂಡತ್ ಯಮುನಾ."

ಈಗ ಹೇಳು, ಪಟ್ಟಿಯನ್ನು ನಂಬಬಹುದೇ? ಅವರು ಎಣಿಸಿದ್ದು ನಿಜ, ನಮ್ಮವರು ಅವರ ಎಣಿಕೆಯೊಳಗೇ ಬದುಕಿದ್ದೂ ನಿಜ. ನಿನ್ನ ಅಧ್ಯಾಯ ಇದರಿಂದ ಮುರಿಯುತ್ತದೆ ಎಂದು ಹೆದರಬೇಡ. ಮುರಿದು ಕಟ್ಟು. ದೊಡ್ಡ ಚರಿತ್ರೆಕಾರನಾಗುವವನಿಗೆ ಅಷ್ಟೂ ಧೈರ್ಯ ಬೇಡವೇ?

ಒಪ್ಪಿಗೆಯ ಹಾಳೆ ಮುಂದಿಟ್ಟೆ. ಪೊನ್ನಪ್ಪ ಬರೆಯಲಿ, ಆದರೆ ಪೂವಮ್ಮನಿಗೆ ಪುಸ್ತಕದಿಂದ ಗೊತ್ತಾಗಬಾರದು, ಮೊದಲು ತಾನೇ ಹೋಗಿ ಹೇಳಬೇಕು ಎಂದರು ಅಪ್ಪ. ಚಿಕ್ಕವ್ವ ಹದಿನಾಲ್ಕು ವರ್ಷದಿಂದ ಏನು ಮಾಡಿಕೊಂಡು ಬಂದಿದ್ದಾರೆಂದು ನಿನಗೆ ಗೊತ್ತಲ್ಲ. ಹೆಣವೂ ಕಾಣದೆ ಹೋದ ಗಂಡನಿಗೆ ಪ್ರತಿ ಡಿಸೆಂಬರ್ ಹದಿನಾಲ್ಕಕ್ಕೆ ಬಾಳೆಎಲೆಯಲ್ಲಿ ಅನ್ನ, ಕೋಳಿಸಾರು ಬಡಿಸಿ ಬಾಗಿಲು ಹಾಕಿ, ಸ್ವಲ್ಪ ಹೊತ್ತಿಗೆ ತೆರೆದು, ಆ ಎಲೆಯ ಪಾಲನ್ನು ಕಟ್ಟಿಕೊಂಡು ಗದ್ದೆ ದಾಟಿ ತಾವೇ ನಮ್ಮ ಮನೆಗೆ ತರುತ್ತಾರೆ. ಕೊನೆಗಾಲದಲ್ಲಿ ಜೊತೆಗಿದ್ದವನು ಮೊದಲು ಉಣ್ಣಬೇಕು ಎಂದು. ಆ ಪಾಲು ಬಡಿಸಿದ ಮೇಲೆಯೇ ಅಂದು ನಮ್ಮ ಮನೆಯ ಊಟ. ಪ್ರತಿ ವರ್ಷ ಅಪ್ಪ ತಲೆ ತಗ್ಗಿಸಿ ಒಂದು ಅಗುಳೂ ಬಿಡದೆ ಉಣ್ಣುವುದು, ಅದಕ್ಕೆ ಮೂರು ದಿನ ಮೊದಲು ಹೊಟ್ಟೆ ಸರಿಯಿಲ್ಲವೆಂದು ಉಪವಾಸ ಇರುವುದು, ಎರಡೂ ಏಕೆಂದು ನನಗೆ ಈಗ ತಿಳಿಯಿತು.

ಮೊನ್ನೆ ಭಾನುವಾರ, ಹನ್ನೊಂದಕ್ಕೆ, ನಾವಿಬ್ಬರೂ ಹೋದೆವು. ಚಿಕ್ಕವ್ವ ಅಂಗಳದಲ್ಲಿ ಕಾಫಿ ಬೀಜ ಹರವುತ್ತಿದ್ದರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಅಪ್ಪ ಲೋಟ ಮುಟ್ಟದೆ ಹೇಳಿದರು. ಸತ್ತದ್ದು ಇವತ್ತು, ಬರೆದದ್ದು ಹದಿನಾಲ್ಕಕ್ಕೆ, ನಡುವಿನ ಅನ್ನ ನಾನು ಉಂಡೆ ಎಂದು.

ಚಿಕ್ಕವ್ವ ಅಂಗಳಕ್ಕೆ ಇಳಿದು ಬೀಜದ ಮೇಲೆ ಕೈಯಾಡಿಸಿದರು. ಆಮೇಲೆ ಕೇಳಿದರು, "ತಲೆ ಯಾವ ದಿಕ್ಕಿಗೆ ಇಟ್ಟದ್?"

"ತೆಂಕಿಗೆ. ಬೆಳಕು ಬರುವ ದಿಕ್ಕು ನೋಡಿಕಂಡ್ ತೆಂಕಿಗೇ ಇಟ್ಟದ್."

"ಹೊಟ್ಟೆ ತುಂಬ್ತಾ ನಿಮ್ಗೆ?"

"ಇಲ್ಲೆ."

ಅವರ ಮುಖ ಸಡಿಲವಾಯಿತು. ಕಣ್ಣು ಒರೆಸಿಕೊಂಡರು. ಅಪ್ಪ ಅಲ್ಲಿಗೆ ನಿಲ್ಲಿಸಿ ಲೋಟಕ್ಕೆ ಕೈ ಹಾಕಿದರು. ಮೂರನೆಯ ದಿನದ ಮಾತು ಉಳಿದುಹೋಗಿತ್ತು. ಅರ್ಧ ಹೇಳಿದ್ದು ಸತ್ಯವಾಗುವುದಿಲ್ಲ ಎಂದು ನಂಬಿದವಳು ನಾನು. ಮೂರನೆ ದಿನದ್ದೂ ಹೇಳಿ ಅಪ್ಪ ಎಂದೆ. ಅಪ್ಪ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಹೇಳಿದರು.

ಕಾಫಿ ಆರುತ್ತದೆ, ಕುಡಿಯಿರಿ ಎಂದು ಹೇಳಿ ಚಿಕ್ಕವ್ವ ಒಳಗೆ ಹೋದರು. ಒಂದು ಬೈಗುಳವಿಲ್ಲ, ಒಂದು ಕೂಗಾಟವಿಲ್ಲ. ಸತ್ಯಕ್ಕೆ ಜನ ಎಷ್ಟು ಹೆದರುತ್ತಾರೆ ಅಣ್ಣ, ಕೊನೆಗೆ ಅದು ಎಷ್ಟು ಸರಳ. ಬರುವಾಗ ದಾರಿಯಲ್ಲಿ ಅಪ್ಪ ಹಗುರಾಗಿ ನಡೆಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಮನೆಗೆ ಬಂದವರೇ ನಿನ್ನ ಹಾಳೆಗೆ ಸಹಿ ಹಾಕಿದರು.

ನಾಳೆ ಹದಿನಾಲ್ಕು. ಚಿಕ್ಕವ್ವ ಎಲೆಯ ಪಾಲು ತರುತ್ತಾರೆ. ಈ ಸಲ ಅಪ್ಪ ತಲೆ ಎತ್ತಿ ಉಣ್ಣುವುದನ್ನು ನೋಡಿ ನಿನಗೆ ಬರೆಯಬೇಕೆಂದು ಲಕೋಟೆ ಅಂಟಿಸದೆ ಇಡುತ್ತೇನೆ.

ನಿನ್ನ ಪುಸ್ತಕ ಮೊದಲು ಇಂಗ್ಲಿಷಿನಲ್ಲಿ ಬರಲಿ, ಆದರೆ ಈ ಅಧ್ಯಾಯವನ್ನು ಕನ್ನಡದಲ್ಲೂ ಬರೆಯಬೇಕು. ಹಡಗಿನಲ್ಲಿ ಶೀತಕ್ಕೆ ಕಿವಿ ಮುಚ್ಚಿಕೋ ಎಂದು ಅವ್ವ ಹೇಳುತ್ತಿದ್ದಾಳೆ. ಹೋದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು, ಒಳ್ಳೆಯ ಜನ ಸಿಗಲಿ, ನೆಟ್ಟಗೆ ಹೋಗಿ ನೆಟ್ಟಗೆ ಬಾ ಎಂದು ಅವಳ ಆಶೀರ್ವಾದ. ಅಪ್ಪನದೂ ಸೇರಿದೆ.

ನಿನ್ನ ತಂಗಿ,
ಯಮುನ

ತಾ. ಕ. (೧೫ ಡಿಸೆಂಬರ್)

ನಿನ್ನೆ ಪಾಲು ಬರಲಿಲ್ಲ.

ಚಿಕ್ಕವ್ವ ಎಲೆ ಬಡಿಸದೆ ಇಲ್ಲ. ಗದ್ದೆಯ ಆಚೆ ಅವರ ಅಡಿಗೆಮನೆಯ ಹೊಗೆ ನಮಗೆ ಕಾಣುತ್ತಿತ್ತು. ಅಪ್ಪ ಮಸ್ಟರಿನಿಂದ ಬೇಗ ಬಂದು ಸ್ನಾನ ಮಾಡಿ ಒಗೆದ ಅಂಗಿ ಹಾಕಿ ಕೂತರು. ಅವ್ವ ಪ್ರತಿ ವರ್ಷದ ಹಾಗೆ ಅವರ ಮುಂದೆ ಖಾಲಿ ಎಲೆ ಹಾಕಿದಳು. ದನ ಕೊಟ್ಟಿಗೆಗೆ ಬರುವ ಹೊತ್ತಾಯಿತು. ಅವ್ವ ಮನೆಯ ಅನ್ನವನ್ನೇ ಬಡಿಸಲು ಬಂದಳು. ಇನ್ನೊಂದು ಗಳಿಗೆ ನೋಡುವ ಎಂದರು. ಆಮೇಲೆ ತಾವೇ ಎಲೆ ಮಡಿಸಿ ಎದ್ದರು.

ಇವತ್ತು ಬೆಳಿಗ್ಗೆ ನಾನು ಓಡಿದೆ. ಚಿಕ್ಕವ್ವ ಅಂಗಳ ಗುಡಿಸುತ್ತಿದ್ದರು. ದಿನ ತಪ್ಪಿತೆಂದು ಬೇಜಾರೇ ಎಂದು ಕೇಳಿದೆ. ಇಲ್ಲ ಎಂದರು, ಇಷ್ಟು ವರ್ಷ ಆ ದಿನಕ್ಕೇ ಬಂದು ಉಂಡುಹೋದ ಗಂಡನಿಗೆ ಈಗ ದಿನ ಬದಲಿಸುವುದಿಲ್ಲ. ಅನ್ನ ಉಂಡದ್ದಕ್ಕೂ ಸಿಟ್ಟಿಲ್ಲ. ಪೊರಕೆ ನಿಲ್ಲಿಸದೆ ಹೇಳಿದರು, "ಹಸಿವು ನಂಗೆ ಗೊತ್ತುಟು ಯಮುನಾ. ಮೂರ್ನೆ ದಿನದ ಮಾತ್ ನಂಗೆ ಎಂತಕೆ ಬೇಕಿತ್ತ್? ಅದ್ ಬೇಕಿದ್ದದ್ ನಿಂಗೆ."

ಮೇಲಿನ ಹಾಳೆಗಳನ್ನು ಹರಿಯಲೆಂದು ಕೈಗೆತ್ತಿಕೊಂಡೆ, ಹರಿಯಲಿಲ್ಲ. ನಿನ್ನಿಂದ ಮುಚ್ಚಿಡಲಾರೆ. ತಾರೀಕು ತಪ್ಪೆಂದು ತೋರಿಸಲು ಎರಡು ಡಬ್ಬಿ ಅನ್ನದ ಸುದ್ದಿಯೇ ಸಾಕು. ಆ ಮಾತನ್ನು ಪುಸ್ತಕದಲ್ಲಿ ಹಾಕಬೇಡ. ಸಂಕಟ ಪಟ್ಟವನ ಬಾಯಿ ತೆರೆಸಬೇಕು ಎಂದು ಇಷ್ಟುದ್ದ ಬರೆದವಳೇ ಇದನ್ನು ಕೇಳುತ್ತಿದ್ದೇನೆ. ಟೋಕಿಯೋದಲ್ಲಿ ಯಾರಾದರೂ ಎಣಿಸು ಎಂದರೆ ಹದಿನೆಂಟನ್ನು ಎಲ್ಲ ಅಂಕಿಗಳ ಹಾಗೇ ಹೇಳು.

ಉಂಡೆದ್ದ ಜಾಗವನ್ನು ಸಗಣಿಯಲ್ಲಿ ಸಾರಿಸುವುದು ವಾಡಿಕೆ. ಉಣ್ಣದೆ ಎದ್ದ ಜಾಗವನ್ನು ಏನು ಮಾಡಬೇಕೆಂದು ಅವ್ವನಿಗೆ ತಿಳಿಯುತ್ತಿಲ್ಲ. ನಿನ್ನೆಯಿಂದ ಅದು ಹಾಗೇ ಇದೆ. ಅಪ್ಪ ಅದನ್ನು ತುಳಿಯದೆ ಬಳಸಿಕೊಂಡು ಓಡಾಡುತ್ತಿದ್ದಾರೆ.